ಹದಿನೆಂಟು ಅಡಿಯ ಕಟ್ಟ, ಮೂರು ಬೆರಳಿನ ಏಡಿ ಮಾಟೆ

ನೀರು ನಿಂತ ನಾಲ್ಕನೇ ದಿನ ಬೆಳಿಗ್ಗೆ ಆರೂವರೆಗೆ ತೋಡಿನ ಕರೆಗೆ, ಎಂದರೆ ನಮ್ಮ ಸಣ್ಣ ಹಳ್ಳದ ದಂಡೆಗೆ, ಹೋದೆ. ಹಿಂದಿನ ರಾತ್ರಿ ಎದೆಮಟ್ಟ ಇದ್ದ ನೀರು ಮೊಣಕಾಲಿಗೆ ಇಳಿದಿತ್ತು. ನೀರು ನಿಲ್ಲಿಸಲು ತೋಡಿಗೆ ಅಡ್ಡ ಹಾಕಿದ್ದ ತಾತ್ಕಾಲಿಕ ಒಡ್ಡು, ನಮ್ಮ ಕಟ್ಟ, ಮಾತ್ರ ಇದ್ದ ಹಾಗೇ ಇತ್ತು. ಒಂದು ಗೋಣಿ ಜಾರಿಲ್ಲ, ಶೀಟು ಹರಿದಿಲ್ಲ. ಸುತ್ತ ಹುಡುಕಿದರೆ ಬಲಗಡೆ ದಂಡೆಯಲ್ಲಿ, ಕಟ್ಟದಿಂದ ನಾಲ್ಕಡಿ ಕೆಳಗೆ, ಬುಗುಬುಗು ಎಂದು ಕೆಂಪು ನೀರು ಉಕ್ಕುತ್ತಿತ್ತು.

ಆಚೆಕರೆ ಅಜ್ಜ ಬಂದು ನೋಡಿದರು. ಎಲೆ ಅಡಿಕೆ ಒಂದು ಬದಿಗೆ ಸರಿಸಿ ಹೇಳಿದರು: "ಕಟ್ಟಕ್ಕೆ ಎಂತ ಆಗಿಲ್ಲ ಮಾರಾಯ. ನೀವು ತೋಡಿಗೆ ಕಟ್ಟ ಹಾಕಿದ್ದೀರಿ, ಕರೆಗೆ ಹಾಕಲಿಲ್ಲ."

ಅದು ಹೇಗೆ ಎಂದು ಆಮೇಲೆ ಹೇಳುತ್ತೇನೆ. ಮೊದಲು ಶುರುವಿನಿಂದ.

ನಮ್ಮದು ಪೆರ್ಲದಿಂದ ಸ್ವಲ್ಪ ಒಳಗೆ. ತೋಡು ಸಣ್ಣದು. ಮುಂದೆ ಶಿರಿಯ ಹೊಳೆ ಸೇರಿ ಕುಂಬಳೆ ಹತ್ತಿರ ಸಮುದ್ರಕ್ಕೆ ಹೋಗುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಜಿಲ್ಲೆಯಲ್ಲಿ ಹೊಳೆಗಳೇ ಹನ್ನೆರಡು. ಆದರೂ ಮಾರ್ಚ್ ಬಂದರೆ ಬಾವಿಯ ಬಾಲ್ದಿ ಕಲ್ಲಿಗೆ ತಾಗಿ ಠಣ್ ಎನ್ನುತ್ತದೆ. ಮಳೆ ಹೆಚ್ಚಿನಂಶ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ನೆಲ ಇಳಿಜಾರು. ಮುರಕಲ್ಲು (ಜಂಬಿಟ್ಟಿಗೆ) ತೂತು ತೂತು, ಕುಡಿದ ನೀರನ್ನು ಹಿಡಿದಿಡುವುದಿಲ್ಲ. ಬೇಗ ಒಳಗೆ ಬಿಟ್ಟು, ಅಷ್ಟೇ ಬೇಗ ತೋಡಿಗೆ ಹಾಕಿಬಿಡುತ್ತದೆ.

ಹಿಂದೆ ಈ ತೋಡಿಗೆ ಮೂರು ಕಟ್ಟ ಹಾಕುತ್ತಿದ್ದರು. ತುಲಾ ಮಳೆ (ಅಕ್ಟೋಬರ್-ನವೆಂಬರ್ ಮಳೆ) ಮುಗಿದು ಹರಿವು ತಗ್ಗಿದ ಮೇಲೆ, ತೋಟ ಇರುವ ಮನೆಗೊಬ್ಬರಂತೆ ಬಂದು, ಕಾಟುಕಲ್ಲಿನ (ಕೆತ್ತದ ಒರಟು ಕಲ್ಲಿನ) ಎರಡು ಸಾಲು ಇಟ್ಟು ನಡುವೆ ಅಂಟು ಮಣ್ಣು ಮೆಟ್ಟುತ್ತಿದ್ದರು. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅದು ನಿಂತಿತ್ತು. ಪಂಪು ಬಂತು, ಬೋರು ಬಂತು, ಹುಡುಗರು ಗಲ್ಫಿಗೆ ಹೋದರು. ಕೆಳಗೆ ಒಂದು ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಕೂಡ ಇದೆ. ಹಲಗೆ ಹಾಕುವವರಿಲ್ಲದೆ ಈಗ ಅದರ ಮೇಲೆ ಬಟ್ಟೆ ಒಣಗುತ್ತದೆ.

ಎಲ್ಲ ಕಡೆ ಹೀಗಾಗಿಲ್ಲ. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ವರ್ಷವೂ ಸಾಲಾಗಿ ಕಟ್ಟ ಹಾಕುವುದನ್ನು ಬಿಟ್ಟಿಲ್ಲ. ನಮ್ಮ ಪಕ್ಕದ ಊರಿನವರೇ ಆದ ಜಲಪತ್ರಕರ್ತ ಶ್ರೀಪಡ್ರೆಯವರು ಈ ಕಟ್ಟಗಳ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ. ಓದಿ ತಲೆ ಆಡಿಸಿದವರಲ್ಲಿ ನಾನೂ ಒಬ್ಬ. ಹಾರೆ ಹಿಡಿಯಲು ಮಾತ್ರ ಕಳೆದ ಬೇಸಿಗೆಯಲ್ಲಿ ಮೂರು ಮನೆಯ ಬಾವಿ ಬತ್ತಬೇಕಾಯಿತು.

ನವೆಂಬರ್ ಕೊನೆಯ ಭಾನುವಾರ ಜಾಗ ನೋಡಲು ಹೋದೆವು. ನಾನು, ಭಾವ, ಕೆಳಗಿನ ತೋಟದ ಇಚ್ಚ, ಅಜ್ಜ. ತೋಡು ಕಿರಿದಾಗುವ ಜಾಗ ಬೇಕು, ಹಿಂದೆ ನೀರು ನಿಲ್ಲಲು ಸಮತಟ್ಟು ಬೇಕು, ಅಡಿಯಲ್ಲಿ ಗಟ್ಟಿ ಬೇಕು. ಹಳೆ ಕಟ್ಟದ ಜಾಗ ಹುಡುಕಿದರೆ ಈ ಮೂರೂ ಒಟ್ಟಿಗೇ ಸಿಕ್ಕಿತು. ಎಡಗಡೆ ಪಾದೆ (ಬಂಡೆ), ಬಲಗಡೆ ಮಣ್ಣಿನ ದಂಡೆ, ಅಗಲ ಹದಿನೆಂಟು ಅಡಿ. ಹಳೇ ಕಾಟುಕಲ್ಲುಗಳ ಒಂದು ಸಾಲು ಹೊಯಿಗೆಯ (ಮರಳಿನ) ಅಡಿಯಲ್ಲಿ ಇನ್ನೂ ಇತ್ತು. ಅಜ್ಜ ಅದರ ಮೇಲೆ ನಿಂತು "ಇಲ್ಲಿ ನನ್ನ ಅಪ್ಪನ ಹಾರೆ ಮುರಿದದ್ದು" ಎಂದರು. ಲೆವೆಲ್ ಟ್ಯೂಬ್, ಟೇಪು ಎಲ್ಲ ಹಿಡಿದುಕೊಂಡು ಹೋದ ನಮಗೆ ಸ್ವಲ್ಪ ನಾಚಿಕೆಯಾಯಿತು.

ಲೆವೆಲ್ ಟ್ಯೂಬ್ ಸುಮ್ನೆ ಆಗಲಿಲ್ಲ. ನಾಲ್ಕೂವರೆ ಅಡಿ ನೀರು ನಿಲ್ಲಿಸಿದರೆ ಹಿಂದೆ ಸುಮಾರು ಮುನ್ನೂರು ಅಡಿ ದೂರಕ್ಕೆ ಮುಟ್ಟುತ್ತದೆ ಎಂದು ಗೊತ್ತಾಯಿತು. ಯಾರ ತೋಟಕ್ಕೂ ನೀರು ನುಗ್ಗುವುದಿಲ್ಲ ಎಂದೂ ಗೊತ್ತಾಯಿತು. ಈ ಎರಡನೆಯದನ್ನು ಮೊದಲೇ ನೋಡಿಕೊಳ್ಳಿ. ಆಮೇಲೆ ಜಗಳ ಮಾಡಿಕೊಂಡು ಕಟ್ಟ ಒಡೆಯುವುದಕ್ಕಿಂತ ಅದು ಸುಲಭ.

ಮನೆಗೆ ಬಂದು ಲೆಕ್ಕ ಹಾಕಿದೆ. ನೀರು ಕಟ್ಟದ ಹತ್ತಿರ ಆಳ, ಹಿಂದೆ ಹೋದಂತೆ ತೆಳು. ಆದ್ದರಿಂದ ಉದ್ದ, ಅಗಲ, ಆಳ ಗುಣಿಸಿ ಅರ್ಧ ಮಾಡಬೇಕು. ತೋಡು ಕೆಲವು ಕಡೆ ಕಿರಿದು. ಎಲ್ಲ ಕಳೆದು ಸುಮಾರು ಮೂರು ಲಕ್ಷ ಲೀಟರ್. ಕೇಳಲು ದೊಡ್ಡದು. ಆದರೆ ಒಂದು ಎಕರೆಯಲ್ಲಿ 550 ಅಡಿಕೆ ಮರ, ಮರಕ್ಕೆ ದಿನಕ್ಕೆ 20 ಲೀಟರ್ ಡ್ರಿಪ್ ಎಂದರೆ 11,000 ಲೀಟರ್ ಬೇಕು. ಮೂರು ಲಕ್ಷ ಲೀಟರು ಒಂದೇ ಎಕರೆಗೆ 27 ದಿನಕ್ಕೆ ಮುಗಿಯುತ್ತದೆ. ಭಾವ ಈ ಲೆಕ್ಕ ನೋಡಿ, "ಇಷ್ಟಕ್ಕೆ ಇಪ್ಪತ್ತು ಜನ ಮಣ್ಣು ಹೊರಬೇಕಾ?" ಎಂದ.

ಲೆಕ್ಕ ತಪ್ಪಲ್ಲ, ಆದರೆ ಕಟ್ಟವನ್ನು ಟ್ಯಾಂಕಿ ಅಂದುಕೊಂಡರೆ ತಪ್ಪು. ಅದು ಪಾತ್ರೆಯ ಮುಚ್ಚಳದ ಹಾಗೆ. ಪಾತ್ರೆ ಎಂದರೆ ಸುತ್ತಿನ ನೆಲ. ಗುಡ್ಡೆಯ ಒಳಗಿನ ನೀರು ತೋಡಿನ ಮಟ್ಟಕ್ಕೆ ಇಳಿಯುತ್ತಲೇ ಇರುತ್ತದೆ. ತೋಡಿನ ಮಟ್ಟವನ್ನೇ ನಾಲ್ಕಡಿ ಎತ್ತರಿಸಿದರೆ ಆ ಇಳಿಯುವ ಓಟ ನಿಧಾನವಾಗುತ್ತದೆ. ಕರೆಯ ಬಾವಿಗಳಿಗೆ ತೋಡಿನಿಂದಲೂ ನೀರು ಒಸರುತ್ತದೆ. ಕಣ್ಣಿಗೆ ಕಾಣುವ ಮೂರು ಲಕ್ಷ ಲೀಟರ್ ಬರೀ ಮುಚ್ಚಳ.

ಇನ್ನೊಂದು ಲೆಕ್ಕವೂ ಮಾಡಿದೆ, ಕಟ್ಟದ ಮೇಲೆ ಬೀಳುವ ಭಾರದ್ದು. ನಾಲ್ಕೂವರೆ ಅಡಿ ನೀರು ಹದಿನೆಂಟು ಅಡಿ ಅಗಲಕ್ಕೆ ಸುಮಾರು ಐದು ಟನ್ ದೂಡುತ್ತದೆ. ಹಿಂದೆ ಮುನ್ನೂರು ಅಡಿ ನೀರಿರಲಿ, ಮೂರು ಸಾವಿರ ಅಡಿ ಇರಲಿ, ದೂಡುವ ಬಲ ಅಷ್ಟೇ. ಆಳ ಮಾತ್ರ ಮುಖ್ಯ. ಆಳ ಅರ್ಧವಾದರೆ ಬಲ ಕಾಲು ಪಾಲಿಗೆ ಇಳಿಯುತ್ತದೆ. ಒಂದೇ ಎತ್ತರದ ಕಟ್ಟಕ್ಕಿಂತ ತಗ್ಗಿನ ಮೂರು ಕಟ್ಟ ಹಾಕುತ್ತಿದ್ದ ಹಿರಿಯರು ಯಾವ ಪುಸ್ತಕ ಓದಿದ್ದರೋ ಏನೋ.

ನಮ್ಮ ಕಟ್ಟದ ನಕ್ಷೆ ಹೀಗಿತ್ತು. ಅಡಿ ಐದು ಅಡಿ ದಪ್ಪ, ತಲೆ ಎರಡು ಅಡಿ, ಎತ್ತರ ಐದು ಅಡಿ. ಕೆಳಬದಿಗೆ ಹೊಯಿಗೆ ಗೋಣಿಯ ದಪ್ಪ ಗೋಡೆ, ಮೇಲ್ಬದಿಗೆ ತೆಳು ಗೋಡೆ, ನಡುವೆ ಒಂದಡಿ ಅಂಟು ಮಣ್ಣು. ಮೇಲ್ಬದಿಯ ಮುಖಕ್ಕೆ 200 ಜಿಎಸ್‌ಎಂನ (ಚದರ ಮೀಟರಿಗೆ 200 ಗ್ರಾಂ ತೂಗುವ) ಸಿಲ್ಪಾಲಿನ್ ಪ್ಲಾಸ್ಟಿಕ್ ಶೀಟು. ಒಟ್ಟು ತೂಕ ಹದಿನೈದು ಟನ್ ಹತ್ತಿರ. ಐದು ಟನ್ ದೂಡುವುದಕ್ಕೆ ಸಾಕು ಅನಿಸಿತು.

ಮಣ್ಣಿನ ವಿಷಯದಲ್ಲಿ ನಾನು ಮೊದಲ ಪೆಟ್ಟು ತಿಂದೆ. ರಸ್ತೆ ಅಗಲ ಮಾಡಲು ಗುಡ್ಡೆ ಕಡಿದ ಜಾಗದಲ್ಲಿ ಬಿಳಿ, ಗುಲಾಬಿ ಬಣ್ಣದ ನುಣ್ಣನೆ ಮಣ್ಣು ರಾಶಿ ಬಿದ್ದಿತ್ತು. ಕೈಯಲ್ಲಿ ಹಿಡಿದರೆ ಬೆಣ್ಣೆ. ಪುಕ್ಕಟೆ ಬೇರೆ. ಪಿಕಪ್ ಮಾಡಿ ಒಂದು ಲೋಡ್ ತಂದೆ. ಅಜ್ಜ ನೋಡಿ ನಕ್ಕರು. "ಇದು ಶೇಡಿ. ಇದರಲ್ಲಿ ಕಟ್ಟ ಹಾಕಿದರೆ ಮಧ್ಯಾಹ್ನದ ಊಟಕ್ಕೆ ಸಾರಾಗುತ್ತದೆ" ಎಂದರು. ನನಗೆ ನಂಬಿಕೆ ಬರಲಿಲ್ಲ. ಆಗ ಅವರೇ ಪರೀಕ್ಷೆ ಹೇಳಿಕೊಟ್ಟರು. ಶೇಡಿಯ ಒಂದು ಉಂಡೆ, ಗದ್ದೆಯ ಕಪ್ಪು ಅಂಟು ಮಣ್ಣಿನ ಒಂದು ಉಂಡೆ, ಎರಡನ್ನೂ ಬಾಲ್ದಿ ನೀರಿಗೆ ಹಾಕಿದೆವು. ಚಾಯ ಕುಡಿದು ಬರುವಷ್ಟರಲ್ಲಿ ಶೇಡಿ ಉಂಡೆ ಕರಗಿ ಅಡಿಯಲ್ಲಿ ಪಾಯಸವಾಗಿತ್ತು. ಗದ್ದೆ ಮಣ್ಣಿನ ಉಂಡೆ ಮರುದಿನ ಬೆಳಿಗ್ಗೆಯೂ ಉಂಡೆಯೇ.

ಮುರಕಲ್ಲಿನ ಅಡಿಯಲ್ಲಿ ಸಿಗುವ ಈ ಶೇಡಿ ಒಣಗಿದ್ದಾಗ ಕಲ್ಲಿನ ಹಾಗೆ ನಿಲ್ಲುತ್ತದೆ. ನೀರು ಕುಡಿದರೆ ಬಲವೇ ಇರುವುದಿಲ್ಲ, ಹರಿದುಹೋಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕಡಿದ ಗುಡ್ಡೆಗಳು ಜರಿಯುವುದಕ್ಕೂ ಇದು ಒಂದು ಕಾರಣ. ಕಟ್ಟ ಹಾಕುವವರು ಬೇರೆ ಏನು ಮರೆತರೂ ಈ ಬಾಲ್ದಿ ಪರೀಕ್ಷೆ ಮರೆಯಬೇಡಿ. ಕೊನೆಗೆ ಇಚ್ಚನ ಹಡೀಲು ಬಿದ್ದ (ಬೇಸಾಯ ಬಿಟ್ಟ) ಗದ್ದೆಯಿಂದ ಎರಡು ಲೋಡ್ ಮಣ್ಣು ತಂದೆವು. ಗುಂಡಿಯಾದ ಜಾಗಕ್ಕೆ ನನ್ನ ಶೇಡಿ ಹಾಕಿ ಮುಚ್ಚಿದೆವು. ಇಚ್ಚ ಅದನ್ನು ಇನ್ನೂ ಹೇಳಿ ನಗುತ್ತಾರೆ.

ಡಿಸೆಂಬರ್ ಎರಡನೇ ಭಾನುವಾರ ಕೆಲಸ. ವಾಟ್ಸಾಪಿನಲ್ಲಿ "ಬರ್ತೇನೆ" ಎಂದವರು ಮೂವತ್ತೆಂಟು, ಬಂದವರು ಇಪ್ಪತ್ತೆರಡು. ಅದು ಕಡಿಮೆ ಅಲ್ಲ. ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು ಎಂಟು ಜನ ಇದ್ದರು. ಗೋಣಿ ತುಂಬುವ ಕೆಲಸದ ಅರ್ಧ ಅವರದೇ. ಬರಲಾಗದ ಒಬ್ಬರು ದುಬೈಯಿಂದ ಶೀಟಿನ ದುಡ್ಡು ಕಳಿಸಿದ್ದರು.

ಮೊದಲು ನೀರಿಗೆ ದಾರಿ ಮಾಡಬೇಕು. ಹರಿಯುವ ನೀರಿನಲ್ಲಿ ಮಣ್ಣು ಮೆಟ್ಟಲಾಗುವುದಿಲ್ಲ. ಆರು ಇಂಚಿನ ಪಿವಿಸಿ ಪೈಪನ್ನು ತೋಡಿನ ತಳದಲ್ಲಿ ಇಟ್ಟು, ಮೇಲೆ ಸಣ್ಣ ತಡೆ ಹಾಕಿ, ನೀರನ್ನೆಲ್ಲ ಪೈಪಿನೊಳಗೆ ಬಿಟ್ಟೆವು. ಕಟ್ಟ ಇದರ ಮೇಲೆ ಏಳುತ್ತದೆ, ಕೊನೆಗೆ ಪೈಪಿನ ಬಾಯಿಗೆ ಮುಚ್ಚಳ. ಕೆಳಗಿನವರಿಗೂ ಅಷ್ಟರವರೆಗೆ ನೀರು ತಪ್ಪುವುದಿಲ್ಲ.

ಆಮೇಲೆ ಅಡಿ. ಹೊಯಿಗೆ, ಎಲೆ, ಬೇರು ಎಲ್ಲ ಕೆರೆದು ತೆಗೆದು ಗಟ್ಟಿ ಸಿಗುವವರೆಗೆ ಒಂದಡಿ ಅಗಲದ ಕಣಿ ತೋಡಿದೆವು. ಬರೀ ಇದಕ್ಕೇ ಎರಡು ಗಂಟೆ ಹೋಯಿತು. ಹುಡುಗರಿಗೆ ಬೇಜಾರು. ಗೋಡೆ ಏಳುವುದು ಕಂಡರೆ ಉಮೇದು, ಕಣಿ ತೋಡುವುದು ಯಾರಿಗೆ ಬೇಕು? ಆದರೆ ಹೊಯಿಗೆಯ ಮೇಲೆ ಕಟ್ಟ ಕೂರಿಸಿದರೆ ನೀರು ಅಡಿಯಿಂದಲೇ ನುಸುಳುತ್ತದೆ.

ಗೋಣಿಯನ್ನು ಮುಕ್ಕಾಲು ಪಾಲು ಮಾತ್ರ ತುಂಬಬೇಕು. ಪೂರ್ತಿ ತುಂಬಿದರೆ ಕುಂಬಳಕಾಯಿಯ ಹಾಗೆ ಉರುಟಾಗಿ ನಡುವೆ ಸಂದು ಬಿಡುತ್ತದೆ. ಮುಕ್ಕಾಲು ತುಂಬಿ, ಕಟ್ಟಿದ ಬಾಯಿ ಒಳಮುಖ ಮಾಡಿ, ಕಾಲಿನಿಂದ ಮೆಟ್ಟಿ ಚಪ್ಪಟೆ ಮಾಡಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಕೆಳಗಿನ ಎರಡರ ಸಂದಿನ ಮೇಲೆ ಮೇಲಿನದರ ಹೊಟ್ಟೆ. ಇಟ್ಟಿಗೆ ಕಟ್ಟುವವರಿಗೆ ಇದು ಹೇಳಬೇಕಾಗಿಲ್ಲ. ಒಟ್ಟು 210 ಗೋಣಿ ಬೇಕಾಯಿತು.

ನಡುವಿನ ಮಣ್ಣಿಗೆ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ, ಅರ್ಧ ಅಡಿಗೊಮ್ಮೆ ಬರಿಗಾಲಿನಲ್ಲಿ ಮೆಟ್ಟಿದೆವು. ಚಪಾತಿ ಹಿಟ್ಟಿನ ಹದ ಎಂದು ಒಬ್ಬರು ಅಕ್ಕ ಹೇಳಿದ್ದೇ ಸರಿಯಾದ ಅಳತೆ. ಹತ್ತು ಗಂಟೆಗೆ ಅವಲಕ್ಕಿ, ಬೆಲ್ಲ, ಚಾಯ. ಮಧ್ಯಾಹ್ನ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. ಸಂಜೆ ನಾಲ್ಕಕ್ಕೆ ಶೀಟು ಹಾಸಿದೆವು. ಕೆಳ ಅಂಚನ್ನು ಕಣಿಯೊಳಗೆ ಮಡಚಿ, ಮೇಲೆ ಮಣ್ಣು ಮೆಟ್ಟಿ, ಕಲ್ಲು ಹೇರಿದೆವು. ಐದೂವರೆಗೆ ಪೈಪಿನ ಬಾಯಿ ಮುಚ್ಚಿದೆವು.

ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಂದು ತರಗೆಲೆ ತೇಲಿಕೊಂಡು ಬಂದು ಕಟ್ಟಕ್ಕೆ ತಾಗಿ, ತಿರುಗಿ ಹಿಂದೆ ಹೋಯಿತು. ಅಜ್ಜ ತುಳುವಿನಲ್ಲಿ "ನೀರ್ ಉಂತುಂಡು" ಎಂದರು. ನೀರು ನಿಂತಿತು.

ಮರುದಿನವೇ ಮೊದಲ ತೊಂದರೆ. ಪೈಪಿನ ಬಾಯಿಗೆ ಮುಚ್ಚಳ ಭದ್ರವಾಗಿದೆ, ಆದರೆ ಪೈಪಿನ ಹೊರಮೈಗೆ ತಾಗಿಕೊಂಡೇ ನೀರು ಬರುತ್ತಿದೆ. ನುಣ್ಣಗಿನ ಪ್ಲಾಸ್ಟಿಕ್ಕಿಗೆ ಮಣ್ಣು ಅಂಟುವುದಿಲ್ಲ. ನೀರಿಗೆ ಅಲ್ಲೊಂದು ದಾರಿ ಸಿಕ್ಕಿತು. ಮೇಲ್ಬದಿಯಲ್ಲಿ ಮುಳುಗಿ, ಪೈಪಿನ ಸುತ್ತ ಹಳೇ ಸೆಣಬಿನ ಗೋಣಿಯನ್ನು ಅಂಟು ಮಣ್ಣಲ್ಲಿ ಅದ್ದಿ ಸುತ್ತಿ ಸುತ್ತಿ ದಪ್ಪ ಕಾಲರಿನ ಹಾಗೆ ಮಾಡಿದೆವು. ಭಾವನಿಗೆ ಮೂರು ದಿನ ಶೀತ. ಈ ಕಾಲರನ್ನು ಕಟ್ಟದ ನಡುವಿನಲ್ಲೇ, ಮಣ್ಣು ಮೆಟ್ಟುವಾಗಲೇ ಕಟ್ಟಬೇಕಿತ್ತು. ಗೊತ್ತಿರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ, ಆಗ ಹೇಳಿದೆನಲ್ಲ, ಆ ಕೆಂಪು ನೀರು.

ಎಡಗಡೆ ಪಾದೆ ಇದ್ದುದರಿಂದ ತೊಂದರೆ ಆಗಲಿಲ್ಲ. ಬಲಗಡೆ ನಾವು ಕಟ್ಟವನ್ನು ದಂಡೆಗೆ ತಾಗಿಸಿ ನಿಲ್ಲಿಸಿದ್ದೆವು, ಅಷ್ಟೇ. ದಂಡೆಯೊಳಗೆ ಹೊಗಿಸಿರಲಿಲ್ಲ. ಆ ದಂಡೆಯ ತುಂಬ ಏಡಿ ಮಾಟೆ, ಎಂದರೆ ಏಡಿಯ ಬಿಲ. ಏಡಿ ತೋಡುವುದು ಮೂರು ಬೆರಳಿನಷ್ಟು ಅಗಲ. ಆದರೆ ಒಂದು ಮಾಟೆ ಇನ್ನೊಂದಕ್ಕೆ ಸೇರುತ್ತದೆ. ಹಳೆ ಮರದ ಬೇರು ಕೊಳೆತ ಜಾಗಕ್ಕೂ ಸೇರುತ್ತದೆ. ನೀರಿನ ಮಟ್ಟ ಎದೆಗೇರಿದಾಗ ಮೇಲಿನ ಮಾಟೆಯಿಂದ ಹೊಕ್ಕು, ಕಟ್ಟವನ್ನು ಸುತ್ತುಹಾಕಿ, ಕೆಳಗೆ ಹೊರಬಂದಿತ್ತು. ನೀರು ತಿಳಿಯಾಗಿ ಒಸರಿದರೆ ಹೆದರಬೇಕಿಲ್ಲ. ಕೆಂಪಗೆ ಬಂದರೆ ಒಳಗೆ ಮಣ್ಣು ತಿನ್ನುತ್ತಿದೆ ಎಂದು ಅರ್ಥ. ಆಗ ತೂತು ಗಂಟೆಗಂಟೆಗೂ ದೊಡ್ಡದಾಗುತ್ತದೆ.

ಒಳಬಾಯಿ ಎಲ್ಲಿ? ಅಜ್ಜನ ಉಪಾಯ: ಒಂದು ಬಾಲ್ದಿ ಸೆಗಣಿ ನೀರನ್ನು ದಂಡೆಯ ಉದ್ದಕ್ಕೆ ಒಂದೊಂದೇ ಗಜ ಬಿಟ್ಟು ಹೊಯ್ಯುತ್ತಾ ಹೋಗುವುದು. ಕೆಳಗೆ ನಿಂತವರು ಬಣ್ಣ ನೋಡುವುದು. ಮೂರನೇ ಕಡೆ ಹೊಯ್ದಾಗ ಕೆಳಗಿನಿಂದ ಇಚ್ಚ ಕೂಗಿದರು: "ಬಂತು! ವಾಸನೆ ಸಮೇತ ಬಂತು!"

ಮುಚ್ಚಿದರೆ ಸಾಕು ಎಂದು ನಾನು ಮಣ್ಣಿನ ಉಂಡೆ ತುರುಕಲು ಹೊರಟೆ. ಅಜ್ಜ ಬಿಡಲಿಲ್ಲ. ಒಂದು ಮುಚ್ಚಿದರೆ ನಾಳೆ ಪಕ್ಕದ್ದು ಎಂದರು. ಪೈಪು ತೆರೆದು ನೀರಿಳಿಸಿ, ಕಟ್ಟ ತಾಗುವಲ್ಲಿ ದಂಡೆಯನ್ನೇ ಕಡಿದೆವು. ಮೂರಡಿ ಒಳಕ್ಕೆ, ಎರಡಡಿ ಅಗಲ, ತೋಡಿನ ತಳದಿಂದ ಮೇಲಿನವರೆಗೆ. ಕಡಿಯುವಾಗಲೇ ಏಳು ಮಾಟೆ ಕಂಡವು. ಎರಡರಲ್ಲಿ ಮಾಲಕರೂ ಇದ್ದರು. ಆ ಸೀಳಿಗೆ ಅಂಟು ಮಣ್ಣು ಹಾಕಿ ಅರ್ಧ ಅಡಿಗೊಮ್ಮೆ ಮೆಟ್ಟಿ, ಕಟ್ಟದ ನಡುವಿನ ಮಣ್ಣಿಗೆ ಸೇರಿಸಿದೆವು. ಈಗ ಮಣ್ಣಿನ ಗೋಡೆ ದಂಡೆಯೊಳಗೂ ಕೈ ಚಾಚಿದೆ. ಶೀಟನ್ನೂ ದಂಡೆಯ ಮೇಲೆ ಆರಡಿ ಹಿಂದಕ್ಕೆ ಎಳೆದು ಹೊದೆಸಿದೆವು. ಈ ದುರಸ್ತಿಗೆ ಆರು ಜನ, ಒಂದೂವರೆ ದಿನ.

ಅಂದಿನಿಂದ ಕಟ್ಟ ಬಿಚ್ಚುವವರೆಗೆ ಬಲಗಡೆ ಕೆಂಪು ನೀರು ಬರಲಿಲ್ಲ. ಸಣ್ಣ ಒಸರು ಇತ್ತು. ಅದು ಬೇಕು ಕೂಡ, ಕೆಳಗಿನ ತೋಟಕ್ಕೆ.

ಕ್ರಿಸ್‌ಮಸ್ ಹೊತ್ತಿಗೆ ಕಟ್ಟ ತುಂಬಿ ಕೋಡಿ ಹರಿಯಿತು. ಕೋಡಿಯನ್ನು ನಡುವಿನಲ್ಲಿ ನಾಲ್ಕು ಅಡಿ ಅಗಲಕ್ಕೆ ಅರ್ಧ ಅಡಿ ತಗ್ಗಿಸಿ ಬಿಟ್ಟಿದ್ದೆವು. ಬೀಳುವ ನೀರು ಅಡಿಯ ಮಣ್ಣು ಕೆದಕದ ಹಾಗೆ ಸೀಳಿದ ಅಡಿಕೆ ಮರ ಅಡ್ಡ ಹಾಸಿ ಮೇಲೆ ಕಾಟುಕಲ್ಲು ಇಟ್ಟೆವು. ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಸರಿಯಾಗಿ ನಿಂತಿತು.

ನಮ್ಮ ಬಾವಿ ತೋಡಿನಿಂದ ಅರವತ್ತು ಅಡಿ ದೂರ. ದಾರಕ್ಕೆ ಕಲ್ಲು ಕಟ್ಟಿ ವಾರಕ್ಕೊಮ್ಮೆ ಅಳೆಯುತ್ತಿದ್ದೆ. ಜನವರಿ ಕೊನೆಗೆ ಕಟ್ಟ ಹಾಕಿದ ದಿನಕ್ಕಿಂತ ಒಂದು ಕೋಲು, ಎಂದರೆ ಎರಡೂವರೆ ಅಡಿ, ಮೇಲಿತ್ತು. ಹಿಂದಿನ ವರ್ಷ ಅದೇ ಹೊತ್ತಿಗೆ ಇಳಿಯತೊಡಗಿತ್ತು. ಇಚ್ಚನ ಬಾವಿ ಕಟ್ಟದ ಕೆಳಗೆ ಇದ್ದರೂ ಏಪ್ರಿಲ್ ಮಧ್ಯದವರೆಗೆ ಬತ್ತಲಿಲ್ಲ. ಈ ವರ್ಷ ಮಾರ್ಚಿನಲ್ಲಿ ಎರಡು ಒಳ್ಳೆಯ ಮಳೆಯೂ ಬಂದಿತ್ತು. ಆದ್ದರಿಂದ ಎಲ್ಲ ಹೆಸರನ್ನೂ ಕಟ್ಟಕ್ಕೇ ಕೊಡಲು ನಾನು ತಯಾರಿಲ್ಲ. ಇನ್ನೆರಡು ವರ್ಷದ ಅಳತೆ ಬೇಕು.

ಗುಡ್ಡೆಯ ಮೇಲಿನ ಮನೆಯವರಿಗೆ ಮಾತ್ರ ಇದರಿಂದ ಏನೂ ಸಿಕ್ಕಿಲ್ಲ. ಅವರು ಕುಡಿಯುವುದು ಸುರಂಗದ ನೀರು. ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗ ತೋಡಿನಿಂದ ನೂರಾರು ಅಡಿ ಮೇಲೆ ಇರುತ್ತದೆ. ಕಟ್ಟದ ನೀರು ಮೇಲಕ್ಕೆ ಹತ್ತುವುದಿಲ್ಲ ಅಲ್ವಾ. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳು ಗುಡ್ಡೆಯಲ್ಲಿ ತೋಟ ಮಾಡಿದವರು, 2022ರಲ್ಲಿ ಪದ್ಮಶ್ರೀ ಬಂತು. ಅವರೂ ಗುಡ್ಡೆಯಲ್ಲಿ ಇಂಗುಗುಂಡಿ ತೋಡಿದ್ದಾರೆ. ಮೇಲಿನ ಮನೆಯ ಅತ್ತೆ ಕಟ್ಟಕ್ಕೆ ಗಂಜಿ ಬೇಯಿಸಿ ಕಳಿಸಿದ್ದರು. ಅವರ ಗುಡ್ಡೆಗೆ ಇಂಗುಗುಂಡಿ ತೋಡಲು ನಾವು ಹೋಗದಿದ್ದರೆ ಮುಂದಿನ ಸಲ ಗಂಜಿ ಕೇಳುವ ಮುಖ ನಮಗಿರುವುದಿಲ್ಲ. ಏಪ್ರಿಲ್‌ನಲ್ಲಿ ಎರಡು ಭಾನುವಾರ ಹೋದೆವು. ಒಂಬತ್ತು ಗುಂಡಿ ಆಗಿದೆ.

ಪ್ಲಾಸ್ಟಿಕ್ಕಿನ ಬಗ್ಗೆ ನನಗೆ ಸಮಾಧಾನ ಇಲ್ಲ. ಬಿಸಿಲು ಬೀಳುವ ಕೆಳಮುಖದ ಗೋಣಿಗಳು ಏಪ್ರಿಲ್‌ಗೆ ಪುಡಿಯಾಗತೊಡಗಿದವು. ಮುಟ್ಟಿದರೆ ನೂಲು ಉದುರುತ್ತದೆ. ಅದು ಹೊಳೆಗೆ ಹೋಗಬಾರದು. ಮೇ ಮೊದಲ ವಾರದಿಂದ ಅಡಿಕೆ ಸೋಗೆ ಹೊದೆಸಿ ನೆರಳು ಮಾಡಿದೆವು. ಅದನ್ನು ಜನವರಿಯಲ್ಲೇ ಮಾಡಬೇಕಿತ್ತು. ಕಾಟುಕಲ್ಲಿನ ಕಟ್ಟಕ್ಕೆ ಈ ಗೋಳು ಇಲ್ಲ. ಅದಕ್ಕೆ ಬೇಕಾದಷ್ಟು ಕೈಗಳು ಮಾತ್ರ ಈಗ ಇಲ್ಲ. ಮುಂದಿನ ವರ್ಷ ಕೆಳಬದಿಯ ಗೋಡೆಯನ್ನಾದರೂ ಕಲ್ಲಿನಲ್ಲಿ ಕಟ್ಟೋಣ ಎಂದು ಮಾತಾಗಿದೆ.

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಆಚರಣೆಯ ದಿನ) ಕಳೆದ ಮೂರನೇ ದಿನ ಕಟ್ಟ ಬಿಚ್ಚಿದೆವು. ಹನ್ನೊಂದು ಜನ ಇದ್ದರು. ಮೊದಲು ಪೈಪು ತೆರೆದು ಎರಡು ದಿನ ನಿಧಾನಕ್ಕೆ ನೀರಿಳಿಸಿ, ಆಮೇಲೆ ಶೀಟು, ಆಮೇಲೆ ಗೋಣಿ. 210ರಲ್ಲಿ 134 ಗೋಣಿ ಮತ್ತೆ ಬಳಸುವ ಹಾಗಿವೆ. ಹರಿದವನ್ನು ಮನೆಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಯ ಅಕ್ಕಂದಿರು ಒಯ್ದರು. ಅಂಟು ಮಣ್ಣನ್ನು ದಂಡೆಯ ಮೇಲೆ ರಾಶಿ ಹಾಕಿ ತೆಂಗಿನ ಮಡಲು ಮುಚ್ಚಿದ್ದೇವೆ. ಶೀಟು ತೊಳೆದು ಒಣಗಿಸಿ ನಮ್ಮ ಅಟ್ಟದಲ್ಲಿ ತೂಗುಹಾಕಿದ್ದೇನೆ, ಇಲಿ ಹತ್ತದ ಹಾಗೆ ತಂತಿಯಲ್ಲಿ. ಬಲಗಡೆ ದಂಡೆಯ ಸೀಳಿನ ಮಣ್ಣನ್ನು ತೆಗೆದಿಲ್ಲ. ಅದು ಅಲ್ಲೇ ಇರಲಿ. ಮಳೆಗಾಲದಲ್ಲಿ ಏಡಿಗಳು ಅದನ್ನು ಏನು ಮಾಡುತ್ತವೆ ಎಂದು ನೋಡಲು ಎರಡು ಬದಿಗೂ ಬಿಳಿ ಬಣ್ಣ ಬಳಿದ ಒಂದೊಂದು ಕಲ್ಲು ಹೂತಿದ್ದೇನೆ.